ಅರ್ಧ ಮಾತಿಗೆ ಪೂರ್ಣ ಉತ್ತರ

ನಮ್ಮ ಪಟ್ಟಣದ ಮೊಹಲ್ಲಾವೊಂದರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹೆಣ್ಣುಮಕ್ಕಳ ಕಾಲೇಜು ಶಿಕ್ಷಣದ ಕುರಿತು ಚರ್ಚೆ ನಡೆದಿತ್ತು. ಜಮಾಅತಿನ ಹಿರಿಯರಾದ ಹಾಜಿಯವರೊಬ್ಬರು ದೀರ್ಘವಾಗಿ ಬರೆದರು. ಕಾಲೇಜು ದೂರ, ಸಂಜೆ ಬಸ್ಸಿಲ್ಲ, ಆದುದರಿಂದ ಮಗಳನ್ನು ಕಳುಹಿಸುವುದು ಬೇಡ ಎನ್ನುವ ತಂದೆಯ ಆತಂಕ ತನಗೆ ಅರ್ಥವಾಗುತ್ತದೆ ಎಂದು ಅವರು ಆರಂಭಿಸಿದ್ದರು. ಆದರೆ ಇದಕ್ಕೆ ಪರಿಹಾರ ವಾಹನವೇ ಹೊರತು ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ, ಚಂದಾ ಎತ್ತೋಣ, ಮೊದಲ ಕಂತು ನನ್ನದು ಎಂದು ಮುಗಿಸಿದ್ದರು. ಯಾರೋ ಒಬ್ಬರು 'ಮಗಳನ್ನು ಕಳುಹಿಸುವುದು ಬೇಡ' ಎಂಬಷ್ಟನ್ನೇ ಕತ್ತರಿಸಿ, ಹಾಜಿಯವರ ಹೆಸರಿನೊಂದಿಗೆ ಇನ್ನೊಂದು ಗ್ರೂಪಿಗೆ ಹಾಕಿದರು. ಇಶಾ ನಮಾಝಿನ ಹೊತ್ತಿಗೆ ಅವರು ಹೆಣ್ಣುಮಕ್ಕಳ ಶಿಕ್ಷಣದ ಶತ್ರುವಾಗಿ ಬಿಟ್ಟಿದ್ದರು. ಅವರ ವಯಸ್ಸನ್ನೂ ಲೆಕ್ಕಿಸದೆ ಬರೆದ ಉತ್ತರಗಳ ಸಾಲಿನಲ್ಲಿ ನಮ್ಮದೂ ಒಂದಿತ್ತು. ಮೂಲವನ್ನು ನಾವು ನೋಡಿರಲಿಲ್ಲ. ಮರುದಿನ ಹಾಜಿಯವರು ಗ್ರೂಪ್ ತೊರೆದರು. ವಾಹನದ ಮಾತು ಅಲ್ಲಿಗೇ ನಿಂತಿತು.

ಮದ್ರಸದಲ್ಲಿ ಓದಿದವರಿಗೆ 'ಕೌಲುಹು' ಎಂಬ ಅರಬಿ ಪದ ಚಿರಪರಿಚಿತ. 'ಅವರ ಮಾತು' ಎಂದು ಅದರ ಅರ್ಥ. ವ್ಯಾಖ್ಯಾನಕಾರನು ಮೂಲಗ್ರಂಥದ ಯಾವ ಮಾತನ್ನು ಕುರಿತು ಬರೆಯುತ್ತಾನೋ ಅದನ್ನು ಮೊದಲು 'ಕೌಲುಹು' ಎಂದು ಉದ್ಧರಿಸಿ, ಬಳಿಕವೇ ತನ್ನ ಮಾತನ್ನು ಹೇಳುತ್ತಾನೆ. ಉದ್ಧರಿಸುವುದು ಕೆಲವೊಮ್ಮೆ ಎರಡೋ ಮೂರೋ ಪದಗಳನ್ನಷ್ಟೇ. ಅದು ಅನ್ಯಾಯವೆನಿಸುವುದಿಲ್ಲ, ಏಕೆಂದರೆ ಮೂಲವು ವಿದ್ಯಾರ್ಥಿಯ ಕೈಯಲ್ಲೇ, ಅನೇಕ ವೇಳೆ ಅದೇ ಪುಟದ ಮೇಲೇ ಇರುತ್ತದೆ. 2016ರಲ್ಲಿ ವಾಟ್ಸ್ಆ್ಯಪ್‌ಗೆ ಬಂದ, ಸಂದೇಶವನ್ನು ಎತ್ತಿ ತೋರಿಸಿ ಉತ್ತರಿಸುವ ಸೌಲಭ್ಯವೂ ಇಂತಹುದೇ. ಪುಟ್ಟ ಚೌಕದಲ್ಲಿ ಕಾಣುವುದು ಕೆಲವೇ ಸಾಲು. ಆದರೆ ಅದರ ಮೇಲೆ ಬೆರಳಿಟ್ಟರೆ ಮೂಲ ಸಂದೇಶ ಎದುರಿಗೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಬೇರೆಡೆ ಹಾಕಿದಾಗ ಕಡಿದುಹೋಗುವುದು ಈ ದಾರಿಯೇ. ಫಾರ್ವರ್ಡ್ ಮಾಡಿದ ಸಂದೇಶದಲ್ಲಂತೂ ಮೊದಲು ಬರೆದವರ ಹೆಸರೂ ಉಳಿಯುವುದಿಲ್ಲ. ವರದಿಗಾರರ ಸರಪಳಿಯನ್ನು ಪರಿಶೀಲಿಸದೆ ಮಾತನ್ನು ಸ್ವೀಕರಿಸದ ಪರಂಪರೆಯೊಂದರ ವಾರಸುದಾರರು ನಾವು ಎಂಬುದನ್ನು ಇಲ್ಲಿ ನೆನೆದರೆ ನಾಚಿಕೆಯಾಗುತ್ತದೆ.

ಇಮಾಮ್ ಗಝಾಲಿ (ನಿಧನ 1111) ತತ್ವಜ್ಞಾನಿಗಳನ್ನು ಖಂಡಿಸಿ 'ತಹಾಫುತುಲ್ ಫಲಾಸಿಫ' ಬರೆದರು. ಕೊರ್ಡೋವದ ಇಬ್ನ್ ರುಶ್ದ್ (ನಿಧನ 1198) ಅದನ್ನು ಖಂಡಿಸಿ 'ತಹಾಫುತುತ್ತಹಾಫುತ್' ಬರೆದರು. ಉತ್ತರ ನಿಷ್ಠುರವೇ. ಆದರೆ ಗಝಾಲಿಯವರ ಗ್ರಂಥದ ಬಹುಭಾಗವನ್ನು ಅವರ ಹೆಸರು ಹೇಳಿ ಉದ್ಧರಿಸಿದ ಮೇಲೆಯೇ ಇಬ್ನ್ ರುಶ್ದ್ ತಮ್ಮ ಆಕ್ಷೇಪವನ್ನು ಮುಂದಿಡುತ್ತಾರೆ. ಇಬ್ಬರಲ್ಲಿ ಯಾರು ಸರಿಯೆಂದು ಓದುಗ ತಾನೇ ತೂಗಿ ನೋಡಬಹುದು.

ಅದೇ ಗಝಾಲಿಯವರ 'ಮಕಾಸಿದುಲ್ ಫಲಾಸಿಫ'ಕ್ಕೆ ಒದಗಿದ ಗತಿ ಬೇರೆ. ತತ್ವಜ್ಞಾನಿಗಳ ಅಭಿಪ್ರಾಯಗಳನ್ನು ಇದ್ದಂತೆಯೇ ನಿರೂಪಿಸುವ ಗ್ರಂಥವದು. ಇವುಗಳ ಖಂಡನೆ ಮುಂದೆ ಬರಲಿದೆ ಎಂದು ಮುನ್ನುಡಿಯಲ್ಲೇ ತಿಳಿಸಲಾಗಿದೆ. 12ನೇ ಶತಮಾನದಲ್ಲಿ ಟೊಲೆಡೊದಲ್ಲಿ ಅದು ಲ್ಯಾಟಿನ್ ಭಾಷೆಗೆ ಅನುವಾದಗೊಂಡಿತು. ಯುರೋಪಿನಲ್ಲಿ ಪ್ರಚಾರಕ್ಕೆ ಬಂದ ಬಹುತೇಕ ಪ್ರತಿಗಳಲ್ಲಿ ಆ ಮುನ್ನುಡಿಯೇ ಇರಲಿಲ್ಲ. ಪರಿಣಾಮವಾಗಿ ತತ್ವಜ್ಞಾನಿಗಳನ್ನು ಖಂಡಿಸಿದ ಗಝಾಲಿಯವರೇ ಅಲ್ಲಿನ ವಿದ್ವಾಂಸರ ಕಣ್ಣಿಗೆ ಇಬ್ನ್ ಸೀನಾರ ಅನುಯಾಯಿಯಾಗಿ ಕಂಡರು! ಅವರ ಮಾತನ್ನು ಯಾರೂ ತಿರುಚಿರಲಿಲ್ಲ. ಕೆಲವು ಪುಟಗಳು ಬಿಟ್ಟುಹೋಗಿದ್ದವು, ಅಷ್ಟೇ.

ಹಾಗೆಂದು ಉದ್ದನೆಯ ಸಂದೇಶವನ್ನು ಪೂರ್ತಿಯಾಗಿ ಮತ್ತೆ ಹಾಕಿ, ಕೆಳಗೆ 'ಸರಿಯಾಗಿ ಹೇಳಿದಿರಿ' ಎಂದು ಸೇರಿಸುವುದು ಓದುವವರಿಗೆ ಹಿಂಸೆ. ಅಂತರಜಾಲದ ಶಿಷ್ಟಾಚಾರದ ಬಗ್ಗೆ 1995ರಲ್ಲಿ ಸಿದ್ಧವಾದ ಮಾರ್ಗಸೂಚಿಯೂ ಸಂದರ್ಭ ತಿಳಿಯಲು ಬೇಕಾದಷ್ಟನ್ನೇ ಉದ್ಧರಿಸಬೇಕೆಂದು ಸೂಚಿಸುತ್ತದೆ. ಬೇಕಾದಷ್ಟು ಎಂದರೆ ಎಷ್ಟು? ಬರೆದವರು ಓದಿದರೆ 'ಹೌದು, ನಾನು ಹೇಳಿದ್ದು ಇದನ್ನೇ' ಎನ್ನಬೇಕು, ಅಷ್ಟು. 'ಆದರೆ' ಎಂಬ ಪದವಿದ್ದರೆ ಅದರ ಎರಡೂ ಬದಿಗಳು ಬರಬೇಕು. ಐದು ವಿಷಯಗಳ ಸಂದೇಶಕ್ಕೆ ಉತ್ತರಿಸುವಾಗ ಯಾವ ವಿಷಯಕ್ಕೆ ಎಂಬುದನ್ನು ಮೊದಲು ಹೇಳಬೇಕು. ಖಾಸಗಿಯಾಗಿ ಬಂದ ಮಾತನ್ನು ಬರೆದವರ ಅನುಮತಿಯಿಲ್ಲದೆ ಗ್ರೂಪಿಗೆ ತರುವುದಂತೂ ಉದ್ಧರಣೆಯಲ್ಲ, ನಂಬಿಕೆದ್ರೋಹ. ತಪ್ಪಾದಲ್ಲಿ ಕ್ಷಮೆಯನ್ನು ಫೋನಿನಲ್ಲಿ ಗುಟ್ಟಾಗಿ ಕೇಳಿದರೆ ಸಾಲದು. ತಪ್ಪು ಎಷ್ಟು ಜನರ ಮುಂದೆ ನಡೆಯಿತೋ ಅಷ್ಟೇ ಜನರ ಮುಂದೆ ತಿದ್ದಬೇಕು.

ಇದನ್ನು ಬರೆಯುವ ಮುನ್ನ ನಾವು ಹಾಜಿಯವರ ಮೂಲ ಸಂದೇಶವನ್ನು ಹುಡುಕಿಸಿ ತೆಗೆದು, ಎರಡೂ ಗ್ರೂಪುಗಳಲ್ಲಿ ಪೂರ್ತಿಯಾಗಿ ಹಾಕಿ, ನಮ್ಮ ಉತ್ತರವನ್ನು ಹಿಂತೆಗೆದುಕೊಂಡೆವು. ನಂತರ ಅವರ ಅಂಗಡಿಗೆ ಹೋದೆವು. ಸಲಾಮಿಗೆ ಉತ್ತರಿಸಿದರು, ಚಹಾ ತರಿಸಿದರು. ಗ್ರೂಪಿಗೆ ಮರಳುವ ಮಾತೆತ್ತಿದಾಗ ಮಾತ್ರ ತಲೆ ಅಲ್ಲಾಡಿಸಿದರು. ಚಂದಾ ಪಟ್ಟಿಗಾಗಿ ತಂದ ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿತ್ತು. ಮೊದಲ ಸಾಲಿನಲ್ಲಿ ಅವರ ಹೆಸರು ಮತ್ತು ಮೊತ್ತ. ಎರಡನೆಯ ಸಾಲಿನಲ್ಲಿ ನಾವು ನಮ್ಮದನ್ನು ಬರೆದು ಬಂದೆವು.