ಸೈಕಲ್ ಬಿಡಿಭಾಗಗಳ ವ್ಯಾಪಾರ: ಮಾದರಿಗಿಂತ ಅಳತೆ ಮುಖ್ಯ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಪಟ್ಟಣಗಳ ರಸ್ತೆಗಳಲ್ಲಿ ಮೋಟಾರು ವಾಹನಗಳ ದಟ್ಟಣೆ ಎಷ್ಟೇ ಹೆಚ್ಚಿದ್ದರೂ ಸೈಕಲ್ ಮರೆಯಾಗಿಲ್ಲ. ಹೊಲಕ್ಕೆ ಹೋಗುವ ಕೂಲಿಕಾರ, ಶಾಲೆಗೆ ಹೋಗುವ ವಿದ್ಯಾರ್ಥಿ, ಹಾಲಿನ ಕ್ಯಾನು ಹೊತ್ತು ಡೇರಿಗೆ ಬರುವ ರೈತ ಇವರಿಗೆಲ್ಲ ಅದು ಇಂದಿಗೂ ದುಡಿಮೆಯ ಸಾಧನ. ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆಯಿಂದ 8ನೆಯ ತರಗತಿಯ ಮಕ್ಕಳ ಮೂಲಕ ಹಳ್ಳಿ ಹಳ್ಳಿಗೂ ಸೈಕಲ್ಲುಗಳು ತಲುಪಿದವು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಆದರೆ ಮನೆಗೆ ಬಂದ ಸೈಕಲ್ಲುಗಳು ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ತಂದೆಗೆ ಕೈ ಬದಲಾಯಿಸುತ್ತ ಓಡುತ್ತಲೇ ಇವೆ. ಹೊಸ ಸೈಕಲ್ ಬರುವುದು ಕಡಿಮೆಯಾದಷ್ಟೂ ಹಳೆಯದರ ದುರಸ್ತಿ ಹೆಚ್ಚುತ್ತದೆ. ದುರಸ್ತಿ ಹೆಚ್ಚಿದಷ್ಟೂ ಬಿಡಿಭಾಗಗಳ ಬೇಡಿಕೆ ಹೆಚ್ಚುತ್ತದೆ.

ಇಂತಹ ಸಂದರ್ಭದಲ್ಲಿ ಈ ವ್ಯಾಪಾರವು ಲಾಭದಾಯಕವಾಗಿ ಬೆಳೆಯಬೇಕಿತ್ತು. ಹಾಗಾಗದಿರುವುದಕ್ಕೆ ಒಂದು ಮುಖ್ಯ ಕಾರಣವೆಂದರೆ, ಸೈಕಲ್ ಬಿಡಿಭಾಗಗಳ ಮಾರಾಟವು ಇನ್ನೂ ಮಾದರಿಯನ್ನೇ ಅವಲಂಬಿಸಿದೆ. “ಹಳೇದು ತೊಗೊಂಡು ಬಾ, ನೋಡಿ ಕೊಡತೇನಿ” ಎಂಬುದೇ ಅಂಗಡಿಯ ವಾಡಿಕೆಯ ಮಾತು. ಇಪ್ಪತ್ತು ವರ್ಷ ಕೈ ಪಳಗಿದ ಮಿಸ್ತ್ರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹೊಸದಾಗಿ ವೃತ್ತಿಗೆ ಇಳಿದ ಯುವಕನು ಇಲ್ಲಿಯೇ ಎಡವುತ್ತಾನೆ.

ಒಂದು ಟೈರಿನ ಉದಾಹರಣೆ

ಮೂಡಲಗಿಯಲ್ಲಿ ಹೊಸದಾಗಿ ಅಂಗಡಿ ತೆರೆದ ಒಬ್ಬ ಯುವಕನಿಗೆ “26ರ ಟೈರು” ಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಆತ ಬಸ್ಸು ಹತ್ತಿ ಗೋಕಾಕಕ್ಕೆ ಬಂದು 26 ಇಂಚಿನ ಟೈರು ಕೇಳುತ್ತಾನೆ. ಅಂಗಡಿಕಾರರು 26 ಇಂಚಿನ ಟೈರನ್ನೇ ಕೊಡುತ್ತಾರೆ. ಇಬ್ಬರದೂ ತಪ್ಪಿಲ್ಲ. ಆದರೂ ಮರಳಿ ಹೋಗಿ ಕೂಡಿಸಲು ನೋಡಿದರೆ ಟೈರು ರಿಮ್ಮಿಗೆ ಏರುವುದೇ ಇಲ್ಲ.

ಕಾರಣ ಸರಳ. 26 ಎಂಬುದು ಗಾಳಿ ತುಂಬಿದ ಟೈರಿನ ಹೊರ ವ್ಯಾಸವನ್ನು ಸೂಚಿಸಲು ಹಿಂದೆ ಬಳಸುತ್ತಿದ್ದ ಅಂದಾಜು ಸಂಖ್ಯೆ. ಟೈರಿನ ದಪ್ಪ ಬದಲಾದಂತೆ ಒಳಗಿನ ರಿಮ್ಮಿನ ಅಳತೆಯೂ ಬದಲಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಹೀಗಾಗಿ 26 × 1⅜ ಟೈರು ಕೂಡುವ ರಿಮ್ಮಿನ ವ್ಯಾಸ 590 ಮಿಲಿಮೀಟರ್, 26 × 1½ರದು 584, ಎಂ.ಟಿ.ಬಿ. ಮಾದರಿಯ 26 × 1.75ರದು 559. ಮೊದಲನೆಯದಕ್ಕೂ ಕೊನೆಯದಕ್ಕೂ 31 ಮಿಲಿಮೀಟರ್ ಅಂತರ. 28 ಇಂಚಿನಲ್ಲಿಯೂ ಇದೇ ಗೊಂದಲ: ಹಳೆಯ ಭಾರದ ಸೈಕಲ್ಲಿನ 28 × 1½ ಟೈರು 635ರ ರಿಮ್ಮಿಗೆ ಸೇರಿದ್ದು, ಹೊಸ ಹೈಬ್ರಿಡ್ ಸೈಕಲ್ಲುಗಳ 700 ಸಿ ಟೈರಿನ ಮೇಲೆಯೂ ಕೆಲವೊಮ್ಮೆ 28 ಎಂದೇ ಅಚ್ಚಾಗಿರುತ್ತದೆ, ಆದರೆ ಅದರ ರಿಮ್ಮು 622.

ಇದರ ವಿರುದ್ಧವಾದ ಸಂಗತಿಯೂ ಉಂಟು. ಇಂದು 27.5 ಎಂದು ಮಾರಾಟವಾಗುವ ಟೈರು ಮತ್ತು ಹಳೆಯ 26 × 1½ ಟೈರು ಎರಡೂ 584ರ ರಿಮ್ಮಿನವೇ. ಅಗಲವು ರಿಮ್ಮಿಗೂ ಫ್ರೇಮಿಗೂ ಹೊಂದಿದರೆ ಒಂದರ ಬದಲು ಇನ್ನೊಂದನ್ನು ಹಾಕಬಹುದು. ಹೆಸರನ್ನು ನಂಬಿದ ವ್ಯಾಪಾರಿ “ನಮ್ಮಲ್ಲಿ ಇಲ್ಲ” ಎಂದು ಗಿರಾಕಿಯನ್ನು ಕಳಿಸುತ್ತಾನೆ. ಅಳತೆಯನ್ನು ಬಲ್ಲ ವ್ಯಾಪಾರಿ ಮಾರಾಟ ಮಾಡುತ್ತಾನೆ.

ಈ ಗೊಂದಲಕ್ಕೆ ಪರಿಹಾರವು ಬಹುಪಾಲು ಟೈರುಗಳ ಬದಿಯಲ್ಲಿಯೇ ಇರುತ್ತದೆ. 37-590, 47-559 ಎಂಬಂತೆ ಅಚ್ಚಾಗಿರುವ ಜೋಡಿ ಸಂಖ್ಯೆಗಳಲ್ಲಿ ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಎರಡನೆಯ ಸಂಖ್ಯೆ ಕೂಡಿಬರದಿದ್ದರೆ ಯಾವ ಟೈರೂ ಕೂಡುವುದಿಲ್ಲ.

ಕಂಪನಿಯ ಹೆಸರು ಸಾಲದು

ಗಿರಾಕಿಯು ಸಾಮಾನ್ಯವಾಗಿ ಕೇಳುವುದು ಕಂಪನಿಯ ಹೆಸರನ್ನು ಹೇಳಿ. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯ ಉತ್ಪಾದನೆ 2020ರ ಜೂನ್‌ನಲ್ಲಿ ನಿಂತಿತು. ಆದರೆ ಆ ಹೆಸರಿನ ಸೈಕಲ್ಲುಗಳು ಇನ್ನೂ ಊರೂರಲ್ಲಿವೆ. “ಅಟ್ಲಾಸಿನ ಫ್ರೀವೀಲ್” ಎಂದು ಹುಡುಕುವ ಹೊಸ ಮಿಸ್ತ್ರಿಗೆ ಅದು ಸಿಗದೇ ಹೋಗಬಹುದು. ಆದರೆ ಒಂಟಿ ಫ್ರೀವೀಲ್‌ನ ಥ್ರೆಡ್ ಸಾಮಾನ್ಯವಾಗಿ 1.37 ಇಂಚು, ಇಂಚಿಗೆ 24 ಸುತ್ತು ಎಂಬ ಒಂದೇ ಅಳತೆಯದು. ಥ್ರೆಡ್ ಒಂದೇ ಆಗಿ, ಹಲ್ಲುಗಳ ಸಂಖ್ಯೆಯೂ ಚೈನಿನ ಅಗಲವೂ ಹೊಂದಿದರೆ ಬೇರೆ ಕಂಪನಿಯ ಫ್ರೀವೀಲ್ ನಿಸ್ಸಂಕೋಚವಾಗಿ ಕೂಡುತ್ತದೆ.

ಇದು ಆಕಸ್ಮಿಕವಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ಥ್ ಎಂಬ ಯಂತ್ರಜ್ಞನು ಬೋಲ್ಟು-ನಟ್ಟುಗಳ ಥ್ರೆಡ್ಡಿಗೆ ಒಂದೇ ಪ್ರಮಾಣವಿರಬೇಕೆಂದು ಪ್ರತಿಪಾದಿಸಿದನು. ಮುಂದೆ ಸೈಕಲ್ ಉದ್ಯಮವೂ ತನ್ನದೇ ಆದ ಥ್ರೆಡ್ ಪ್ರಮಾಣವನ್ನು ಅಂಗೀಕರಿಸಿತು. ಭಾರತದ ಸೈಕಲ್ ಉದ್ಯಮ ಬೆಳೆದುದು ಆ ಅಳತೆಗಳ ಮೇಲೆಯೇ. ಭಾರತೀಯ ಮಾನಕ ಸಂಸ್ಥೆಯು ಸೈಕಲ್ ಹಾಗೂ ರಿಕ್ಷಾ ಟೈರುಗಳಿಗೆ ಐ.ಎಸ್. 2414 ಎಂಬ ಮಾನಕವನ್ನು ರೂಪಿಸಿದೆ. ಅಳತೆಗಳು ಇವೆ, ಅವು ಅಂಗಡಿಯ ಮಾತಿಗೂ ಬಿಲ್ಲಿಗೂ ಇಳಿದು ಬಂದಿಲ್ಲ, ಅಷ್ಟೆ. ಬಿಲ್ಲಿನಲ್ಲಿ ಬರುವ ಎಚ್.ಎಸ್.ಎನ್. ಸಂಖ್ಯೆ 8714 ತೆರಿಗೆಯ ಲೆಕ್ಕಕ್ಕೆ ಸಾಕು. ಆದರೆ ಹಬ್ಬು, ಪೆಡಲ್, ಫ್ರೀವೀಲ್, ಕಡ್ಡಿ ಎಲ್ಲವೂ ಆ ಒಂದೇ ಸಂಖ್ಯೆಯಡಿ ಬರುವುದರಿಂದ ಯಾವುದು ಎಲ್ಲಿ ಕೂಡುತ್ತದೆ ಎಂಬುದನ್ನು ಅದು ಹೇಳಲಾರದು.

ಹೊಸ ಮಿಸ್ತ್ರಿ ಕಲಿಯಬೇಕಾದ ಅಳತೆಗಳು

ವೃತ್ತಿಗೆ ಬರುವ ಯುವಕನಿಗೆ ಮೊದಲು ಬೇಕಾದುದು ನೂರಾರು ಭಾಗಗಳ ಹೆಸರಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಉಕ್ಕಿನ ಪಟ್ಟಿ, ಒಂದು ಥ್ರೆಡ್ ಗೇಜ್ ಹಾಗೂ ಒಂದು ನೋಟ್‌ಬುಕ್. ಇವುಗಳಿಂದ ಹೆಚ್ಚಿನ ಗೊಂದಲ ನಿವಾರಣೆಯಾಗುತ್ತದೆ.

ಚೈನಿನ ಪಿಚ್ ಎಲ್ಲ ಸಾಮಾನ್ಯ ಸೈಕಲ್ಲುಗಳಲ್ಲಿಯೂ ಅರ್ಧ ಇಂಚು. ಬದಲಾಗುವುದು ಒಳ ಅಗಲ: ಗೇರಿಲ್ಲದ ಸೈಕಲ್ಲಿಗೆ ⅛ ಇಂಚು, ಗೇರಿನ ಸೈಕಲ್ಲಿಗೆ 3/32 ಇಂಚು ಅಥವಾ ಅದಕ್ಕೂ ಕಿರಿದು. ಕಿರಿದಾದ ಚೈನು ದಪ್ಪ ಹಲ್ಲಿನ ಮೇಲೆ ಕೂಡುವುದಿಲ್ಲ. ಹಳೆಯ ಚೈನು ಸವೆದಿದೆಯೇ ಎಂಬುದನ್ನೂ ಪಟ್ಟಿಯೇ ಹೇಳುತ್ತದೆ. ಹೊಸ ಚೈನಿನಲ್ಲಿ 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಅದು 12 ಇಂಚು ಮತ್ತು 1/16 ಆದರೆ ಚೈನು ಬದಲಿಸಬೇಕು. ಮತ್ತು ⅛ ದಾಟಿದರೆ ಫ್ರೀವೀಲೂ ಸವೆದಿರುವ ಸಂಭವ ಹೆಚ್ಚು. ಆಗ ಚೈನನ್ನು ಮಾತ್ರ ಬದಲಿಸಿದರೆ ಹೊಸ ಚೈನು ಹಳೆಯ ಹಲ್ಲುಗಳ ಮೇಲೆ ಜಾರುತ್ತದೆ, ಗಿರಾಕಿಯು “ಮಾಲು ಸರಿ ಇಲ್ಲ” ಎಂದು ಅಂಗಡಿಯನ್ನೇ ದೂರುತ್ತಾನೆ.

ಪೆಡಲ್‌ನ ಥ್ರೆಡ್ ದೊಡ್ಡವರ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 9/16 ಇಂಚು. ಮಕ್ಕಳ ಕೆಲವು ಸೈಕಲ್ಲುಗಳಲ್ಲಿ ½ ಇಂಚು. ಎಡ ಪೆಡಲ್ ಎಡಸುತ್ತಿನದು ಎಂಬುದನ್ನು ಅರಿಯದೆ ಬಲವಂತವಾಗಿ ತಿರುಗಿಸಿ ಕ್ರ್ಯಾಂಕ್ ಕೆಡಿಸುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಹಿಂದಿನ ಆಕ್ಸಲ್ 3/8 ಇಂಚಿನದಾದರೆ 9.5 ಮಿಲಿಮೀಟರ್, ಮೆಟ್ರಿಕ್ ಅಳತೆಯದಾದರೆ 10 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ; ಒಂದರ ನಟ್ಟು ಇನ್ನೊಂದಕ್ಕೆ ಕೂಡದು. ಕಾಟರ್ ಪಿನ್ನಿನಲ್ಲಿಯೂ 9 ಮತ್ತು 9.5 ಮಿಲಿಮೀಟರಿನ ಎರಡು ಬಗೆಗಳುಂಟು. ಬಾಲುಗಳು ಮುಂದಿನ ಹಬ್ಬಿನಲ್ಲಿ ಹೆಚ್ಚಾಗಿ 3/16 ಇಂಚಿನವು, ಹಿಂದಿನ ಹಬ್ಬಿನಲ್ಲಿಯೂ ಬಿ.ಬಿ.ಯಲ್ಲಿಯೂ ¼ ಇಂಚಿನವು. ಹಳೆಯ ಭಾರದ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹೊಸ ಮಾದರಿಗಳಲ್ಲಿ ಎರಡೂ ಗಾಲಿಗೆ 36 ಇರುವುದು ಸಾಮಾನ್ಯ. ರಿಮ್ಮು ಕೊಳ್ಳುವ ಮುನ್ನ ರಂಧ್ರಗಳನ್ನು ಎಣಿಸದಿದ್ದರೆ ನಷ್ಟ ಖಚಿತ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಸೇರಿಸಬೇಕು. ಸವೆದ ಭಾಗವು ಸುಳ್ಳು ಅಳತೆ ಕೊಡುತ್ತದೆ. ತಿಂದುಹೋದ ಕಾಟರ್ ಪಿನ್ನನ್ನಾಗಲಿ ಆಕ್ಸಲ್ಲನ್ನಾಗಲಿ ಅಳೆಯುವಾಗ ಸವೆಯದ ತುದಿಯಲ್ಲಿ ಅಳೆಯಬೇಕು. ಹೊಸ ಭಾಗ ಕೂಡುವವರೆಗೆ ಹಳೆಯದನ್ನು ಎಸೆಯಬಾರದು. ಬಿಚ್ಚಿದ ಭಾಗಗಳನ್ನು ಎಡ-ಬಲ ಬೇರೆಯಾಗಿ ಚೀಟಿ ಹಚ್ಚಿ ಇಡಬೇಕು.

ನಷ್ಟ ಮಿಸ್ತ್ರಿಯೊಬ್ಬನದಲ್ಲ

ತಪ್ಪು ಭಾಗ ಒಯ್ದ ಮಿಸ್ತ್ರಿಗೆ ಬಸ್ಸಿನ ವೆಚ್ಚವೂ ದಿನದ ದುಡಿಮೆಯೂ ಹೋಗುತ್ತವೆ. ಗಿರಾಕಿಯ ವಿಶ್ವಾಸವೂ ಹೋಗುತ್ತದೆ. ಆದರೆ ವ್ಯಾಪಾರಿಯ ನಷ್ಟವೂ ಕಡಿಮೆಯಲ್ಲ. ಕೂಡಿಸಲು ನೋಡಿ ಮರಳಿ ತಂದ ಟೈರನ್ನು ತೆಗೆದುಕೊಂಡರೆ ಮಾಲು ಕೆಡುತ್ತದೆ, ತೆಗೆದುಕೊಳ್ಳದಿದ್ದರೆ ಗಿರಾಕಿ ಕೆಡುತ್ತಾನೆ. ಯಾವುದಕ್ಕೆ ಕೂಡುತ್ತದೆಂದು ತಿಳಿಯದೆ ಕಪಾಟಿನಲ್ಲಿ ಧೂಳು ತಿನ್ನುವ ದಾಸ್ತಾನಿನಲ್ಲಿ ಬಂಡವಾಳ ಸಿಕ್ಕಿಕೊಳ್ಳುತ್ತದೆ. ಉದ್ರಿ ಒಯ್ದ ಹೊಸ ಮಿಸ್ತ್ರಿಯು ಅಂಗಡಿ ಮುಚ್ಚಿ ಬೇರೆ ಕೂಲಿಗೆ ಹೋದರೆ ಬಾಕಿಯೂ ಮುಳುಗುತ್ತದೆ, ಮುಂದಿನ ವರ್ಷಗಳ ಗಿರಾಕಿಯೂ ಇಲ್ಲವಾಗುತ್ತಾನೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಪಟ್ಟಣಗಳಲ್ಲಿ ಯಾವ ಒಂದು ಅಂಗಡಿಯೂ ಎಲ್ಲ ಭಾಗಗಳನ್ನೂ ಇಡಲಾರದು. ಲೂಧಿಯಾನಾದಿಂದ ಬರುವ ಮಾಲನ್ನು ಪ್ರತಿಯೊಬ್ಬರೂ ತಮ್ಮ ಶಕ್ತಿಯಿದ್ದಷ್ಟು ತರಿಸುತ್ತಾರೆ. ಹುಕ್ಕೇರಿಯಲ್ಲಿ ಇಲ್ಲದ್ದು ಗೋಕಾಕದಲ್ಲಿ ಇರಬಹುದು. ಮೂರೂ ಊರಿನವರು ಅಳತೆಯ ಭಾಷೆಯಲ್ಲಿ ಮಾತನಾಡಿದರೆ ಒಂದು ದೂರವಾಣಿ ಕರೆಯಲ್ಲಿ ವ್ಯವಹಾರ ಮುಗಿಯುತ್ತದೆ, ಭಾಗವು ಬಸ್ಸಿನಲ್ಲಿ ಬರುತ್ತದೆ. ಮಾದರಿಯನ್ನೇ ನೆಚ್ಚಿದರೆ ಮನುಷ್ಯನೇ ಹೋಗಿ ಬರಬೇಕು. ಮೊಬೈಲಿನಲ್ಲಿ ಚಿತ್ರ ಕಳಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಪಟ್ಟಿ ಇಡದ ಚಿತ್ರದಲ್ಲಿ 9 ಮಿಲಿಮೀಟರೂ ಒಂದೇ, 9.5 ಮಿಲಿಮೀಟರೂ ಒಂದೇ.

ಕೆಲವು ಹಿರಿಯ ವ್ಯಾಪಾರಿಗಳು ಇದನ್ನು ಒಪ್ಪಲಿಕ್ಕಿಲ್ಲ. ಐದು-ಹತ್ತು ರೂಪಾಯಿಯ ಪಿನ್ನಿಗೆ ಅಳತೆ ಬರೆಯುತ್ತ ಕುಳಿತರೆ ಅಂಗಡಿ ನಡೆಯುವುದೆಂತು, ಕೈ ಪಳಗಿದರೆ ಎಲ್ಲವೂ ತಾನಾಗಿ ತಿಳಿಯುತ್ತದೆ ಎಂಬುದು ಅವರ ವಾದ. ಅನುಭವದ ಬೆಲೆಯನ್ನು ಅಲ್ಲಗಳೆಯಲಾಗದು. ಆದರೆ ಆ ಅನುಭವವು ಅಂಗಡಿಯ ಯಜಮಾನರ ತಲೆಯಲ್ಲಿಯೇ ಉಳಿದರೆ ಅವರು ಊರಿಗೆ ಹೋದ ದಿನ ಅಂಗಡಿಯ ಹುಡುಗ ಏನನ್ನೂ ಮಾರಲಾರ. ಅಳತೆಯನ್ನು ಪ್ರತಿ ಪಿನ್ನಿಗೆ ಬರೆಯಬೇಕಿಲ್ಲ. ಪ್ರತಿ ಡಬ್ಬಿಗೆ ಒಮ್ಮೆ ಬರೆದರೆ ಸಾಕು.

ಅಂಕಿಯಿಂದ ವ್ಯಾಪಾರ ಮಾಡುವುದು ಈ ಭಾಗಕ್ಕೆ ಹೊಸದೂ ಅಲ್ಲ. 19ನೆಯ ಶತಮಾನದಿಂದ ನೂಲಿನ ಗಿರಣಿಯನ್ನು ಕಂಡ ಊರು ಗೋಕಾಕ. ನೂಲಿನ ವ್ಯಾಪಾರ ನಡೆಯುವುದು ಕೌಂಟಿನ ಮೇಲೆ. 840 ಗಜದ 40 ಲಡಿಗಳು ಒಂದು ಪೌಂಡು ತೂಗಿದರೆ ಅದು 40ರ ನೂಲು. ಯಾವ ಊರಿನ ನೇಕಾರನಿಗೂ ಅದರ ಅರ್ಥ ಒಂದೇ. ನೂಲಿಗೆ ಸಾಧ್ಯವಾದುದು ಆಕ್ಸಲ್ಲಿಗೆ ಅಸಾಧ್ಯವೇನಲ್ಲ.

ಆಗಬೇಕಾದುದು

ಮೊದಲನೆಯದಾಗಿ, ಚಿಲ್ಲರೆ ಅಂಗಡಿಗಳು ಹೆಚ್ಚು ಮಾರಾಟವಾಗುವ ಇಪ್ಪತ್ತು-ಮೂವತ್ತು ಭಾಗಗಳ ಮಾದರಿಗಳನ್ನು ಒಂದು ಹಲಗೆಯ ಮೇಲೆ ಜೋಡಿಸಿ, ಪ್ರತಿಯೊಂದರ ಕೆಳಗೆ ಅಳತೆಯನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಎರಡನೆಯದಾಗಿ, ಬಿಲ್ಲಿನಲ್ಲಿ “ಟೈರು 1” ಎಂದು ಬರೆಯುವ ಬದಲು “ಟೈರು 37-590, 1” ಎಂದು ಬರೆಯಬೇಕು. ಮೂರನೆಯದಾಗಿ, ಬಳಸದ ಭಾಗವನ್ನು ಬಿಲ್ಲಿನ ಸಮೇತ ನಿಶ್ಚಿತ ದಿನಗಳೊಳಗೆ ತಂದರೆ ಬದಲಿಸಿ ಕೊಡುವ ಒಂದೇ ನಿಯಮವನ್ನು ಮೂರೂ ಪಟ್ಟಣಗಳ ವ್ಯಾಪಾರಿಗಳು ಕೂಡಿ ಒಪ್ಪಿಕೊಳ್ಳಬೇಕು.

ನಾಲ್ಕನೆಯದಾಗಿ, ತರಬೇತಿಯ ಹೊಣೆಯನ್ನು ವಾಣಿಜ್ಯ ಸಂಸ್ಥೆಗಳೇ ಹೊರಬೇಕಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಬಡಿಗ, ಕಮ್ಮಾರ, ಕುಂಬಾರರು ಇದ್ದಾರೆ. ಸೈಕಲ್ ಮಿಸ್ತ್ರಿ ಇಲ್ಲ. ಸರ್ಕಾರದತ್ತ ನೋಡುತ್ತ ಕೂರುವುದಕ್ಕಿಂತ, ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆಸಿ, ಅಳತೆಯ ಒಂದು ದಿನದ ಶಿಬಿರ ನಡೆಸುವುದು ಹೆಚ್ಚಿನ ಖರ್ಚಿನ ಕೆಲಸವಲ್ಲ.

ಸಣ್ಣ ಕೈಗಾರಿಕೋದ್ಯಮಿಗಳಿಗೂ ಇಲ್ಲಿ ಅವಕಾಶವಿದೆ. ಬೆಳಗಾವಿಯ ಉದ್ಯಮಬಾಗವು ಎರಕ ಹಾಗೂ ಲೇಥ್ ಕೆಲಸಕ್ಕೆ ಹೆಸರಾದ ಪ್ರದೇಶ. ಹಳೆಯ ಸೈಕಲ್ಲುಗಳ ಕಾಟರ್ ಪಿನ್, ಆಕ್ಸಲ್, ಕೋನ್‌ಗಳಂತಹ ಭಾಗಗಳಿಗೆ ನಿಶ್ಚಿತ ಅಳತೆಯ ಬೇಡಿಕೆ ಪಟ್ಟಿ ಕೈಗೆ ಬಂದರೆ ಮಾತ್ರ ತಯಾರಕರು ವೆಚ್ಚದ ಲೆಕ್ಕ ಹಾಕಬಲ್ಲರು. ತಯಾರಿಸಿದವರು ಭಾಗದ ಮೇಲೆಯೇ ಅಳತೆಯನ್ನು ಅಚ್ಚೊತ್ತಿದರೆ ಅದೇ ಅದರ ಜಾಹೀರಾತಾಗುತ್ತದೆ.

ಸೈಕಲ್ ಬಡವರ ವಾಹನ. ಅದು ಒಂದು ದಿನ ನಿಂತರೆ ಒಬ್ಬರ ಕೂಲಿ ಅಥವಾ ಒಂದು ಮಗುವಿನ ಪಾಠ ನಿಲ್ಲುತ್ತದೆ. ಅದನ್ನು ಓಡಿಸುವ ಹೊಸ ಮಿಸ್ತ್ರಿಯ ಕೈಗೆ ಸರಿಯಾದ ಭಾಗ ಮೊದಲ ಸಲಕ್ಕೇ ಸಿಗುವಂತೆ ಮಾಡುವುದು ಉಪಕಾರವಲ್ಲ, ವ್ಯಾಪಾರದ ಜಾಣ್ಮೆ. ಡಬ್ಬಿಗಳಿಗೆ ಅಳತೆಯ ಚೀಟಿ ಹಚ್ಚುವ ಕೆಲಸವನ್ನು ವ್ಯಾಪಾರಿ ಬಾಂಧವರು ಈ ತಿಂಗಳೇ ಆರಂಭಿಸುವುದು ಯುಕ್ತ.