ಕೀರ್ದಿ ಎಲ್ಲಿರಬೇಕು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಲ್ಲಿ ಅಕ್ಕಿಯ ಗಿರಣಿ, ಅಡತಿ ಅಂಗಡಿ, ಬೀಜ-ಗೊಬ್ಬರದ ಮಳಿಗೆ, ಔಷಧದ ಅಂಗಡಿ ಮುಂತಾದ ಸಣ್ಣ ಉದ್ಯೋಗಗಳನ್ನು ನಡೆಸುತ್ತಿರುವ ಮಹನೀಯರ ಮುಂದೆ ಇಂದು ಒಂದು ಪ್ರಶ್ನೆ ಬಂದು ನಿಂತಿರುವದು. ತಂದೆ-ತಾತಂದಿರ ಕಾಲದಲ್ಲಿ ಕೆಂಪು ಬಟ್ಟೆಯ ರಟ್ಟಿನೊಳಗೆ ಗಾದಿಯ ಪಕ್ಕದಲ್ಲಿರುತ್ತಿದ್ದ ಕೀರ್ದಿ-ಖತಾವಣಿಗಳು ಈಗ ಗಣಕಯಂತ್ರದೊಳಗೆ ಸೇರಿವೆ. ಆ ಲೆಕ್ಕವನ್ನು ಅಂಗಡಿಯ ಒಳಕೋಣೆಯಲ್ಲಿ ಸ್ವಂತದ ಸರ್ವರ್ ಒಂದನ್ನು ಸ್ಥಾಪಿಸಿ ಅದರಲ್ಲಿ ಕಾಪಾಡಬೇಕೋ, ಇಲ್ಲವೆ ತಿಂಗಳ ಬಾಡಿಗೆ ತೆತ್ತು ‘ಕ್ಲೌಡ್’ ಎಂದು ಕರೆಯಲಾಗುವ ದೂರದ ಯಂತ್ರಾಗಾರಕ್ಕೆ ಒಪ್ಪಿಸಬೇಕೋ ಎಂಬದೇ ಆ ಪ್ರಶ್ನೆ. ಸರ್ವರ್ ಮಾರುವವರು ಬಂದು ‘ನಿಮ್ಮ ಸೊತ್ತು ನಿಮ್ಮ ಮನೆಯಲ್ಲಿರಲಿ’ ಎನ್ನುವರು. ಕ್ಲೌಡ್ ಮಾರುವವರು ಬಂದು ‘ಇನ್ನು ನಿಮಗೆ ಚಿಂತೆಯೇ ಇಲ್ಲ’ ಎನ್ನುವರು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿರುವದು. ಉಳಿದರ್ಧವನ್ನು ಹೇಳುವದರಿಂದ ಅವರಲ್ಲಿ ಯಾರಿಗೂ ಲಾಭವಿಲ್ಲವಾದ್ದರಿಂದ ಆ ಕೆಲಸವನ್ನು ಪತ್ರಿಕೆಯೇ ಮಾಡಬೇಕಾಗಿದೆ.

ಮೊದಲು ಹೆಸರಿನ ಭ್ರಮೆಯನ್ನು ಕಳೆದುಕೊಳ್ಳುವದು ಲೇಸು. ಈ ಮೋಡವು ಆಕಾಶದಲ್ಲಿಲ್ಲ. ಅದು ನೆಲದ ಮೇಲೆ ಕಟ್ಟಿದ ಕಟ್ಟಡ. ಅದಕ್ಕೂ ವಿದ್ಯುತ್ತು ಬೇಕು, ತಂಪು ಬೇಕು, ಕಾವಲುಗಾರ ಬೇಕು. ಅಮೆಜಾನ್ ಕಂಪನಿಯವರು ಭಾರತದಲ್ಲಿ ಇಂತಹ ಆಗಾರಗಳನ್ನು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತೆರೆದರು. ಅಂದರೆ ಗಂಗಾವತಿಯ ಗಿರಣಿಯ ಲೆಕ್ಕವು ಮೋಡವನ್ನೇರಿತೆಂದರೆ ಹೈದರಾಬಾದಿನಲ್ಲಿ ಇಳಿಯಲೂ ಸಾಕು. ಸಾಲಾರಜಂಗರ ಜಹಗೀರಾಗಿದ್ದ ಕೊಪ್ಪಳಕ್ಕೂ, ಅದರ ಸುತ್ತಲಿನ ತಾಲೂಕುಗಳಿಗೂ ದಫ್ತರವು ಹೈದರಾಬಾದಿಗೆ ಹೋಗುವದು ಹೊಸದೇನಲ್ಲ; 1956ರ ಅಕ್ಟೋಬರದವರೆಗೂ ಅದು ಅತ್ತಲೇ ಹೋಗುತ್ತಿತ್ತು. ಅಂದು ನಮ್ಮನ್ನು ಯಾರೂ ಕೇಳಲಿಲ್ಲ. ಇಂದು ನಾವೇ ಕರಾರಿಗೆ ಒಪ್ಪಿಗೆಯ ಗುಂಡಿಯನ್ನೊತ್ತಿ ಕಳುಹಿಸುತ್ತೇವೆ. ಈ ವ್ಯತ್ಯಾಸವು ದೊಡ್ಡದೇ. ಆದರೆ ಆ ಕರಾರನ್ನು ಓದಿದವರ ಪಾಲಿಗೆ ಮಾತ್ರ.

ಇನ್ನು ಸ್ವಂತದ ಸರ್ವರಿನ ಪಕ್ಷವನ್ನು ನೋಡೋಣ. ‘ಯಂತ್ರ ನನ್ನ ಕೋಣೆಯಲ್ಲಿದೆ, ಆದ್ದರಿಂದ ಲೆಕ್ಕ ನನ್ನ ಕೈಯಲ್ಲಿದೆ’ ಎಂಬ ಅಭಿಮಾನವು ಕೇಳಲು ಸೊಗಸಾದದ್ದು. ಸ್ವದೇಶಿಯ ಹೆಸರಿನಲ್ಲಿ ಇದನ್ನು ಹೊಗಳುವವರೂ ಉಂಟು. ಆದರೆ ಆ ಯಂತ್ರದ ಮುಚ್ಚಳವನ್ನು ತೆರೆದು ನೋಡಿದರೆ ಒಳಗಿನ ಚಿಪ್ಪಾಗಲಿ ಡಿಸ್ಕಾಗಲಿ ನಮ್ಮ ದೇಶದ್ದಾಗಿರುವದು ವಿರಳ. ಅದಿರಲಿ. ವೈಶಾಖದಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿಯ ಸುತ್ತ ನಿಲ್ಲುವದು. ಇಂತಹ ಯಂತ್ರಗಳಿಗೆ ಹಿತವೆಂದು ತಜ್ಞರು ಹೇಳುವ ಉಷ್ಣತೆಯೋ 18ರಿಂದ 27 ಡಿಗ್ರಿ. ಗಿರಣಿಯಲ್ಲಿ ತೌಡಿನ ಧೂಳು ಸೇರದ ಸ್ಥಳವೇ ಇಲ್ಲ. ವಿದ್ಯುತ್ತು ಹೋದಾಗ ಯು.ಪಿ.ಎಸ್. ಕಾಯುವದೇನೋ ನಿಜ, ಆದರೆ ಅದರ ಬ್ಯಾಟರಿಯನ್ನು ಎರಡು-ಮೂರು ವರ್ಷಗಳಿಗೊಮ್ಮೆ ಬದಲಿಸಬೇಕೆಂಬದು ನೆನಪಾಗುವದು ಅದು ಕೈಕೊಟ್ಟ ದಿನವೇ.

ಲೆಕ್ಕವನ್ನೂ ಸ್ವಲ್ಪ ಹಾಕೋಣ. ಯಂತ್ರವೂ ಯು.ಪಿ.ಎಸ್. ಸಹ ಕೂಡಿ ಒಂದೂವರೆ ಲಕ್ಷ ರೂಪಾಯಿ ಆಯಿತೆಂದಿಟ್ಟುಕೊಳ್ಳಿರಿ. ಐದು ವರ್ಷದ ಬಾಳಿಕೆಗೆ ಹಂಚಿದರೆ ತಿಂಗಳಿಗೆ 2,500 ರೂಪಾಯಿ. ಹಗಲಿರುಳು 150 ವಾಟಿನಂತೆ ಉರಿದರೆ ತಿಂಗಳಿಗೆ 108 ಯೂನಿಟ್ ವಿದ್ಯುತ್ತು. ಕೋಣೆಯನ್ನು ತಂಪಾಗಿಡುವ ಖರ್ಚು ಬೇರೆ. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುವರು. ಯಾರೂ ಲೆಕ್ಕಕ್ಕೆ ಹಿಡಿಯದ ಬಾಬತ್ತು ಒಂದಿದೆ: ಆ ಯಂತ್ರವನ್ನು ನೋಡಿಕೊಳ್ಳುವ ಮನುಷ್ಯ. ಹುಬ್ಬಳ್ಳಿಯಿಂದಲೋ ಬಳ್ಳಾರಿಯಿಂದಲೋ ಇಂಜಿನಿಯರನು ಬರುವವರೆಗೆ ಅಂಗಡಿಯು ನಿಲ್ಲುವದಾದರೆ, ಆ ನಿಂತ ದಿನದ ನಷ್ಟವೂ ಯಂತ್ರದ ಬೆಲೆಯೊಳಗೇ ಸೇರಬೇಕು. ಹೀಗೆ ನೋಡಿದರೆ, ತಿಳಿದ ಮನುಷ್ಯನೊಬ್ಬನನ್ನು ಇಟ್ಟುಕೊಳ್ಳಲಾರದ ಅಂಗಡಿಗೆ ಸ್ವಂತ ಸರ್ವರು ಅಗ್ಗವಲ್ಲ. ಸಾಕುವವನಿಲ್ಲದ ಮನೆಗೆ ಎಮ್ಮೆಯನ್ನು ತಂದು ಕಟ್ಟಿದಂತೆ ಅದು.

‘ಇಂಟರ್ನೆಟ್ ನಿಂತರೆ ಕ್ಲೌಡ್ ನಿಲ್ಲುವದು, ನಮ್ಮ ಯಂತ್ರ ನಿಲ್ಲುವದಿಲ್ಲ’ ಎಂಬ ವಾದವನ್ನು ಇತ್ತ ಬಹುಜನರು ಹೂಡುವರು. ರಸ್ತೆಯ ಅಗಲೀಕರಣದಲ್ಲಿ ತಂತು ಕಡಿದುಹೋಗಿ ಊರಿಗೆ ಊರೇ ಮೌನವಾಗುವದನ್ನು ಕಂಡವರಿಗೆ ಈ ವಾದವು ಹಗುರೆಂದು ತೋರಲಾರದು. ಆದರೆ ಇದು ಹಿಂದಿನಷ್ಟು ಗಟ್ಟಿಯಾಗಿ ಉಳಿದಿಲ್ಲ. 2022ರ ಜುಲೈಯಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಅಕ್ಕಿಯ ಚೀಲಕ್ಕೆ ಶೇಕಡಾ 5ರಂತೆ ಜಿ.ಎಸ್.ಟಿ. ಬಿದ್ದಿತು. (26 ಕಿಲೋ ಚೀಲವನ್ನು ಕಂಡುಹಿಡಿದವರ ಚಾತುರ್ಯವನ್ನು ಇಲ್ಲಿ ಕೆದಕುವದಿಲ್ಲ.) ವಾರ್ಷಿಕ ವಹಿವಾಟು 5 ಕೋಟಿಯನ್ನು ಮೀರಿದವರು 2023ರ ಅಗಸ್ಟದಿಂದ ವ್ಯಾಪಾರಸ್ಥರಿಗೆ ಕೊಡುವ ತೆರಿಗೆಯ ಬಿಲ್ಲನ್ನು ಸರಕಾರದ ಜಾಲತಾಣಕ್ಕೆ ಕಳುಹಿಸಿ ಅಂಕೆಯನ್ನು ಪಡೆಯಬೇಕು, ತೆರಿಗೆಯುಳ್ಳ ಸರಕು 50,000 ರೂಪಾಯಿ ದಾಟಿದರೆ ಲಾರಿಯ ಸಂಗಡ ಇ-ವೇ ಬಿಲ್ ಬೇಕು. ಇವೆರಡೂ ಇಂಟರ್ನೆಟ್ ಇಲ್ಲದೆ ಸುಲಭವಾಗಿ ದೊರೆಯವು. ಸರ್ವರು ಒಳಕೋಣೆಯಲ್ಲಿ ಚೆನ್ನಾಗಿಯೇ ಓಡುತ್ತಿದ್ದರೂ ಇಂತಹ ಲಾರಿಯು ಅಂಗಳದಲ್ಲಿಯೇ ನಿಲ್ಲುವದು. ಆದ್ದರಿಂದ ತಂತು ಕಡಿಯುವ ಭಯವಿರುವವರು ಮೊದಲು ಕೊಳ್ಳಬೇಕಾದದ್ದು ಸರ್ವರಲ್ಲ; ಬೇರೊಂದು ಕಂಪನಿಯ ಎರಡನೆಯ ಸಂಪರ್ಕ. ತೂಕದ ಸೇತುವೆಯ ಅಂಕಿಗಳು ಮಾತ್ರ ಸ್ಥಳದ ಯಂತ್ರದಲ್ಲಿಯೇ ದಾಖಲಾಗಬೇಕೆಂಬದನ್ನು ನಾವೂ ಒಪ್ಪುತ್ತೇವೆ. ಭತ್ತದ ಗಾಡಿಯನ್ನು ತಂದ ರೈತನಿಗೆ ‘ನೆಟ್ ಬರಲಿ, ತಡೆ’ ಎನ್ನುವದು ನ್ಯಾಯವಲ್ಲ.

ಸರಕಾರವೇ ಈ ಹಾದಿಯನ್ನು ತುಳಿದು ನೋಡಿದೆ. 2000ದಲ್ಲಿ ‘ಭೂಮಿ’ ಯೋಜನೆ ಜಾರಿಗೆ ಬಂದಾಗ ಪಹಣಿಗಳನ್ನು ಆಯಾ ತಾಲೂಕು ಕಚೇರಿಯ ಸರ್ವರಿನಲ್ಲಿಯೇ ಇಡಲಾಗಿತ್ತು. ಮುಂದೆ ಅವೆಲ್ಲವೂ ರಾಜ್ಯದ ಕೇಂದ್ರ ದತ್ತಾಗಾರವನ್ನು ಸೇರಿದವು. ಇದರಿಂದ ಅನುಕೂಲವಾಯಿತು, ತನ್ನ ಹೊಲದ ಪಹಣಿಗಾಗಿ ರೈತನು ತನ್ನ ತಾಲೂಕಿಗೇ ಹೋಗಬೇಕೆಂಬದು ತಪ್ಪಿತು. ಆದರೆ ಕೇಂದ್ರದಲ್ಲಿ ತೊಡಕಾದರೆ ಅದು ಎಲ್ಲರ ತೊಡಕು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ತಾಣದ ಮೇಲೆ ದುಷ್ಟರು ಹುಸಿ ಕೋರಿಕೆಗಳ ಮಹಾಪೂರವನ್ನು ಹರಿಸಿದಾಗ ರಾಜ್ಯದ ತುಂಬ ಉಪನೋಂದಣಿ ಕಚೇರಿಗಳಲ್ಲಿ ಕೆಲಸವು ಕುಂಠಿತವಾಯಿತು. ಅದಕ್ಕೂ ಮೊದಲು 2024ರ ಜುಲೈ 31ರಂದು ಸಿ-ಎಜ್ ಎಂಬ ಸಂಸ್ಥೆಯ ವ್ಯವಸ್ಥೆಗೆ ಒತ್ತೆಹಣ ಬೇಡುವ ಕಳ್ಳರು ನುಗ್ಗಿದ್ದರಿಂದ, ಅದರ ಸೇವೆಯನ್ನು ಅವಲಂಬಿಸಿದ ಸುಮಾರು 300 ಸಣ್ಣ ಬ್ಯಾಂಕುಗಳ ಹಣದ ಪಾವತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ಬ್ಯಾಂಕುಗಳವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಹಾಗಾದರೆ ಮನೆಯೇ ಮೇಲೆನ್ನಬಹುದೇ? ದಕ್ಷಿಣ ಕೊರಿಯಾದ ಸರಕಾರವು ತನ್ನ ಕಾಗದಪತ್ರಗಳನ್ನು ಯಾವ ಪರಕೀಯ ಕಂಪನಿಗೂ ಒಪ್ಪಿಸದೆ ದೇಜನ್ ನಗರದ ತನ್ನದೇ ಕಟ್ಟಡದಲ್ಲಿ ಇಟ್ಟಿತ್ತು. 2025ರ ಸಪ್ಟೆಂಬರ 26ರಂದು ಅಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿ, ಅಧಿಕಾರಿಗಳು ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ ಎಂಬ ಭಂಡಾರದ 858 ಟೆರಾಬೈಟ್ ದತ್ತವು ಸುಟ್ಟುಹೋಯಿತು. ಬೇರೆಡೆಯಲ್ಲಿ ಪ್ರತಿಯಿರಲಿಲ್ಲ. ಇತ್ತ 2021ರ ಮಾರ್ಚ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓ.ವಿ.ಎಚ್. ಎಂಬ ಕ್ಲೌಡ್ ಕಂಪನಿಯ ಕಟ್ಟಡವು ಉರಿದಾಗ, ‘ನಮ್ಮದು ಕ್ಲೌಡಿನಲ್ಲಿದೆ’ ಎಂದು ನೆಮ್ಮದಿಯಾಗಿದ್ದ ಕೆಲವು ಗಿರಾಕಿಗಳಿಗೆ ತಮ್ಮ ಪ್ರತಿಯೂ ಅದೇ ಆವರಣದಲ್ಲಿ ಇದ್ದಿತೆಂಬದು ಆಮೇಲೆ ತಿಳಿಯಿತು. ಒಂದು ಸ್ವಂತದ ಮನೆ, ಒಂದು ಬಾಡಿಗೆಯ ಮನೆ. ಎರಡೂ ಕಡೆಗೆ ಬೂದಿಯೊಂದೇ.

ದೂರದ ಉದಾಹರಣೆಗಳು ಬೇಡವೆನ್ನುವವರು ಮುನಿರಾಬಾದಿನತ್ತ ನೋಡಲಿ. 2024ರ ಅಗಸ್ಟ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಹರಿದು ಬಾಗಿಲು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನಿಂತ ಬಾಗಿಲು ಅದು. ಅದರ ಸ್ಥಾನದಲ್ಲಿ ಒಡನೆಯೇ ಇಳಿಸಲು ತಡೆಬಾಗಿಲೊಂದು ಸಿದ್ಧವಿರಲಿಲ್ಲ. ನೀರು ಹರಿಯುತ್ತಿರುವಾಗಲೇ ತುಂಡುತುಂಡಾಗಿ ಅದನ್ನು ಮಾಡಿಸಿ ಇಳಿಸುವದರಲ್ಲಿ ಸುಮಾರು ಒಂದು ವಾರ ಕಳೆಯಿತು. ಗಂಗಾವತಿ, ಕಾರಟಗಿಗಳ ಭತ್ತದವರು ಆ ವಾರವನ್ನು ಮರೆತಿರಲಾರರು. ಆಗ ಯಾರೂ ಆಣೆಕಟ್ಟು ಬೇಡ, ಬಾವಿಯೇ ಸಾಕೆಂದು ಹೇಳಲಿಲ್ಲ. ಎರಡನೆಯ ಬಾಗಿಲೇಕೆ ಇರಲಿಲ್ಲವೆಂದು ಕೇಳಿದರು. ಲೆಕ್ಕದ ವಿಷಯದಲ್ಲಿಯೂ ಕೇಳತಕ್ಕ ಪ್ರಶ್ನೆ ಅದೇ.

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುವೆವು. ಯಂತ್ರವನ್ನು ಬಲ್ಲ ಮನುಷ್ಯನು ಅಂಗಡಿಯಲ್ಲಿಲ್ಲದಿದ್ದರೆ ಲೆಕ್ಕವು ಕ್ಲೌಡಿಗೆ ಹೋಗಲಿ. ಆದರೆ ಅದರ ಪ್ರತಿಯೊಂದು ಪ್ರತಿರಾತ್ರಿ ಅಂಗಡಿಗೆ ಮರಳಿ ಬರಲಿ, ಮತ್ತು ಆ ಪ್ರತಿಯನ್ನಿಟ್ಟ ಡಿಸ್ಕು ಯಂತ್ರದಿಂದ ಬೇರ್ಪಟ್ಟು ಪೆಟ್ಟಿಗೆಯೊಳಗಿರಲಿ. ಯಂತ್ರಕ್ಕೆ ಅಂಟಿಕೊಂಡೇ ಇದ್ದ ಪ್ರತಿಯನ್ನು ಒತ್ತೆಹಣದ ಕಳ್ಳರು ಮೂಲದ ಸಂಗಡವೇ ಕೆಡಿಸುವರು. ಸ್ವಂತ ಸರ್ವರನ್ನು ಇಟ್ಟವರಿಗೆ ಇದೇ ಕ್ರಮವು ತಿರುಗುಮುರುಗಾಗಿ ಅನ್ವಯಿಸುವದು. ಜಿ.ಎಸ್.ಟಿ. ಕಾನೂನು ವಾರ್ಷಿಕ ವಿವರಣದ ಗಡುವಿನಿಂದ 72 ತಿಂಗಳು ಲೆಕ್ಕವನ್ನು ಕಾಯ್ದಿಡಬೇಕೆನ್ನುವದು. ನೋಂದಾಯಿತ ಕಂಪನಿಗಳಿಗಂತೂ 2022ರ ಅಗಸ್ಟದಿಂದ ಪ್ರತಿದಿನದ ಪ್ರತಿಯು ಭಾರತದೊಳಗಿನ ಸರ್ವರಿನಲ್ಲಿಯೇ ಇರಬೇಕೆಂಬ ನಿಯಮವಿದೆ. ಯಂತ್ರದ ಬಾಳಿಕೆ ಐದು ವರ್ಷ, ಕಾನೂನಿನ ಬೇಡಿಕೆ ಆರು ವರ್ಷಕ್ಕೂ ಮೇಲೆ. ಇದನ್ನು ಮಾರಾಟಗಾರರು ಹೇಳುವದನ್ನು ನಾವು ಕೇಳಿಲ್ಲ.

ಇದೆಲ್ಲಕ್ಕಿಂತ ಹೆಚ್ಚಿನ ಅಪಾಯವು ಬೇರೆಡೆಗೆ ಇರುವದು. ನಮ್ಮ ಪಟ್ಟಣಗಳಲ್ಲಿ ಎಷ್ಟೋ ಅಂಗಡಿಗಳ ಖಾತೆಯನ್ನು ತೆರೆದವನು ಮಾಲಕನಲ್ಲ, ಲೆಕ್ಕಿಗನು; ಇಲ್ಲವೆ ಸಾಫ್ಟವೇರ್ ಹಾಕಿಕೊಟ್ಟವನು. ಸಂಕೇತಪದವು ಅವನ ನೆನಪಿನಲ್ಲಿ, ಪ್ರವೇಶದ ಗುಪ್ತ ಅಂಕೆಯು ಅವನ ಮೊಬೈಲಿಗೆ, ವರ್ಷದ ಬಿಲ್ಲು ಅವನ ಇ-ಮೇಲಿಗೆ. ಅವನು ಪ್ರಾಮಾಣಿಕನೇ ಇರಬಹುದು, ಬಹುತೇಕರು ಪ್ರಾಮಾಣಿಕರೇ. ಆದರೆ ನಾಳೆ ಅವನು ಬೇರೆ ಕೆಲಸ ಹಿಡಿದನೆಂದರೆ, ಅಥವಾ ಆಸ್ಪತ್ರೆಯನ್ನು ಸೇರಿದನೆಂದರೆ, ಸಾಹುಕಾರನು ತನ್ನದೇ ತಿಜೋರಿಯ ಮುಂದೆ ಕೀಲಿಯಿಲ್ಲದೆ ನಿಲ್ಲುವನು. ಯಂತ್ರವು ಅಂಗಡಿಯಲ್ಲಿದ್ದರೂ ಅಷ್ಟೇ, ಹೈದರಾಬಾದಿನಲ್ಲಿದ್ದರೂ ಅಷ್ಟೇ. ಖಾತೆಯು ಮಾಲಕನ ಹೆಸರಿನಲ್ಲಿ, ಮಾಲಕನ ಸಂಖ್ಯೆಯ ಮೇಲೆ ಇರತಕ್ಕದ್ದು. ಬಾಡಿಗೆಯ ಕರಾರಿನಲ್ಲಿ, ಬಿಟ್ಟುಹೋಗುವ ದಿನ ತನ್ನ ಲೆಕ್ಕವನ್ನು ಬೇರೆ ಯಂತ್ರವೂ ಓದಬಲ್ಲ ರೂಪದಲ್ಲಿ ಎಷ್ಟು ದಿನದೊಳಗೆ, ಎಷ್ಟು ಹಣಕ್ಕೆ ಕೊಡುವರೆಂಬದು ಬರೆಹದಲ್ಲಿರತಕ್ಕದ್ದು. ಬಾಯಿಮಾತಿನ ಭರವಸೆಗೆ ಇಲ್ಲಿ ಬೆಲೆಯಿಲ್ಲ.

ಒಂಟಿ ಅಂಗಡಿಯವನಿಗೆ ಇದೆಲ್ಲ ಭಾರವಾಗಬಹುದು. ಆದರೆ ನಮ್ಮಲ್ಲಿ ಗಿರಣಿ ಮಾಲಕರ ಸಂಘಗಳಿವೆ, ವರ್ತಕರ ಸಂಘಗಳಿವೆ. ಹಮಾಲಿ ದರಕ್ಕೂ ತೆರಿಗೆಯ ವಿರೋಧಕ್ಕೂ ಅವು ಒಟ್ಟಾಗಿ ಕೂಡುವವು. ಇಪ್ಪತ್ತು ಅಂಗಡಿಗಳು ಕೂಡಿ ಒಬ್ಬ ತಿಳಿದ ತರುಣನಿಗೆ ಸಂಬಳ ಕೊಟ್ಟರೆ ಪ್ರತಿಯೊಬ್ಬರ ಪಾಲಿಗೆ ಬೀಳುವದು ಅಲ್ಪವೇ. ನಮ್ಮ ಊರುಗಳಲ್ಲಿ ಓದಿ ಬೆಂಗಳೂರಿಗೆ ಹೋದ ಹುಡುಗರಲ್ಲಿ ಮರಳಿ ಬರಲು ಇಂತಹ ಒಂದು ಕಾರಣಕ್ಕಾಗಿ ಕಾದಿರುವವರು ಇರಲಾರರೇ?

ಮುಂಗಾರಿನ ಭತ್ತವು ಅಂಗಳಕ್ಕೆ ಬರುವ ಮೊದಲು ಒಂದು ರವಿವಾರ ಮಾಲಕರು ಈ ಪರೀಕ್ಷೆಯನ್ನು ಮಾಡಿ ನೋಡಲಿ: ನಡೆಯುತ್ತಿರುವ ಯಂತ್ರವನ್ನು ಆರಿಸಿ, ಪೆಟ್ಟಿಗೆಯಲ್ಲಿಟ್ಟ ಪ್ರತಿಯಿಂದ ಬೇರೊಂದು ಯಂತ್ರದಲ್ಲಿ ಲೆಕ್ಕವನ್ನು ತೆರೆದು, ಶನಿವಾರ ಸಂಜೆಯ ಕೊನೆಯ ಬಿಲ್ಲು ಅದರಲ್ಲಿದೆಯೋ ಇಲ್ಲವೋ ನೋಡಲಿ. ಅದಕ್ಕೆ ಹಿಡಿದ ತಾಸುಗಳನ್ನು ಗಡಿಯಾರ ನೋಡಿ ಬರೆದಿಡಲಿ. ಆ ಚೀಟಿಯನ್ನು ಕೈಯಲ್ಲಿಟ್ಟುಕೊಂಡು ಬಳಿಕ ಇಬ್ಬರು ಮಾರಾಟಗಾರರನ್ನೂ ಕರೆಕಳುಹಿಸಲಿ.