ಹಡಗಿನ ಊಟಕ್ಕೆ ಯಾವ ಉಡುಪು?

2022ರ ಜೂನ್ ತಿಂಗಳಲ್ಲಿ ಚೆನ್ನೈ ಬಂದರಿನಿಂದ ವಿಹಾರದ ಹಡಗೊಂದು ಯಾತ್ರೆಯನ್ನಾರಂಭಿಸಿದ ಮೇಲೆ, ಅಂತಹ ಪ್ರಯಾಣದ ಆಸೆ ನಮ್ಮವರಲ್ಲಿಯೂ ಮೂಡಿರುವುದು ಸಹಜ. ಆದರೆ ದುಡ್ಡು ಕೂಡಿಸಿದ ಗುಮಾಸ್ತನಿಗೂ ಒಂದು ಅಂಜಿಕೆ ಉಳಿಯುತ್ತದೆ: ರಾತ್ರಿಯ ಊಟಕ್ಕೆ ಕೋಟು ಇಲ್ಲದೆ ಹೋದರೆ ಬಾಗಿಲಲ್ಲಿ ತಡೆದಾರೆಯೇ?

ಈ ಅಂಜಿಕೆ ನಿರಾಧಾರವೆಂದು ನಾವು ಹೇಳಲಾರೆವು. 2014ರ ಜುಲೈಯಲ್ಲಿ ಇದೇ ನಗರದಲ್ಲಿ ಪಂಚೆಯುಟ್ಟು ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ಹೋದ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಿ. ಹರಿಪರಂಧಾಮನ್ ಅವರಿಗೇ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನಲ್ಲಿ ಪ್ರವೇಶ ದೊರೆಯಲಿಲ್ಲ. ಮರುತಿಂಗಳೇ ತಮಿಳುನಾಡಿನ ಶಾಸನಸಭೆಯು, ಪಂಚೆಯುಟ್ಟವರನ್ನು ಕ್ಲಬ್ಬುಗಳು ತಡೆಯಕೂಡದೆಂದು ಕಾಯಿದೆ ಮಾಡಿತು. ತಪ್ಪಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, 25,000 ರೂಪಾಯಿಯವರೆಗೆ ದಂಡ.

ಹಡಗಿನಲ್ಲಾದರೋ ಕಂಪೆನಿಯ ನಿಯಮವೇ ನಡೆಯುತ್ತದೆ. ಆದರೂ ವಿಧ್ಯುಕ್ತ ಭೋಜನದ ರಾತ್ರಿ ಕೋಟು-ಟೈಗಳ ಬದಲಿಗೆ ಸ್ವದೇಶದ ಉಡುಪನ್ನು ಒಪ್ಪುವ ಕಂಪೆನಿಗಳುಂಟು. ಬಫೆ ಊಟದ ಕೋಣೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಟಿಕೆಟು ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ. ಸಾಲ ಮಾಡಿ ಕೋಟು ಹೊಲಿಸಬೇಡಿ. ಒಗೆದು ಇಸ್ತ್ರಿ ಮಾಡಿದ ಅಂಚಿನ ಪಂಚೆ, ತುಂಬುತೋಳಿನ ಬಿಳಿ ಅಂಗಿ: ಮದುವೆಯ ಪಂಕ್ತಿಗೆ ಸಾಲುವ ಈ ಉಡುಪು ಯಾವ ಭೋಜನಶಾಲೆಗೂ ಅವಮಾನವಲ್ಲ.

ಬಾಗಿಲಲ್ಲಿ ತಡೆಯುವವನೂ ನಮ್ಮಂತೆಯೇ ಸಂಬಳಕ್ಕೆ ದುಡಿಯುವವನು. ಅವನ ಮೇಲೆ ಸಿಟ್ಟಾಗುವುದು ತರವಲ್ಲ. ನಿಯಮ ಬರೆದವರನ್ನು ಪ್ರಶ್ನಿಸೋಣ. ಜೊತೆಗೆ, ಹರಿದ ಅಂಗಿಯವನು ನಮ್ಮ ಹೋಟೆಲಿಗೆ ಬಂದಾಗ ಅವನಿಗೆ ಯಾವ ಮೇಜು ತೋರಿಸುತ್ತೇವೆಂಬುದನ್ನೂ ನಾವು ಎದೆ ಮುಟ್ಟಿಕೊಂಡು ಕೇಳಿಕೊಳ್ಳಬೇಕು.